ಗೂಗಲ್‌ನಲ್ಲಿ ಬರಲು ದುಡ್ಡು ಬೇಡ, ಅಕ್ಷರ ಬೇಕು

ಹೊಸದಾಗಿ ವೆಬ್‌ಸೈಟ್ ಮಾಡಿಸಿದವರಿಗೆ ತಿಂಗಳು ತುಂಬುವುದರೊಳಗೆ ಒಂದು ಫೋನ್ ಬರುತ್ತದೆ, ಇಲ್ಲವೇ ಒಂದು ಇಮೇಲ್. ‘ನಿಮ್ಮ ಸೈಟು ಗೂಗಲ್‌ನಲ್ಲಿ ಎಲ್ಲೂ ಕಾಣುತ್ತಿಲ್ಲ. ಇಷ್ಟು ಸಾವಿರ ಕಟ್ಟಿದರೆ ಗೂಗಲ್, ಬಿಂಗ್, ಯಾಹೂ ಸೇರಿದಂತೆ ನೂರಾರು ಸರ್ಚ್ ಎಂಜಿನ್‌ಗಳಿಗೆ ಸೇರಿಸಿಕೊಡುತ್ತೇವೆ’ ಎನ್ನುವುದು ಅದರ ಸಾರಾಂಶ. ಅಂಗಡಿಯವರು, ಶಾಲೆ ನಡೆಸುವವರು, ಸಣ್ಣ ಪ್ರಕಾಶಕರು, ಹೋಮ್‌ಸ್ಟೇ ಇಟ್ಟವರು ಇದನ್ನು ನಂಬಿ ಹಣ ಕಟ್ಟುತ್ತಾರೆ. ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ಗೂಗಲ್‌ಗೆ ಸೇರಲು ಶುಲ್ಕವಿಲ್ಲ, ಬಿಂಗ್‌ಗೂ ಇಲ್ಲ. ದುಡ್ಡು ಕೊಟ್ಟವರ ಪುಟವನ್ನು ಹೆಚ್ಚು ಸಲ ಬಂದು ನೋಡುವುದಾಗಲಿ, ಮೇಲಕ್ಕೆ ಏರಿಸುವುದಾಗಲಿ ತಾನು ಮಾಡುವುದಿಲ್ಲ ಎಂದು ಗೂಗಲ್ ತನ್ನ ಮಾರ್ಗಸೂಚಿಯಲ್ಲೇ ಬರೆದುಕೊಂಡಿದೆ. ಮೊದಲ ಸ್ಥಾನದ ಖಾತರಿಯನ್ನು ಯಾರೂ ಕೊಡಲಾರರು ಎಂಬ ಮಾತೂ ಅಲ್ಲೇ ಇದೆ.

ಹಾಗಾದರೆ ‘ಸೇರಿಸಿಕೊಡುತ್ತೇವೆ’ ಎಂಬ ವ್ಯಾಪಾರ ಹುಟ್ಟಿದ್ದು ಎಲ್ಲಿಂದ? ಅದಕ್ಕೊಂದು ಚರಿತ್ರೆ ಇದೆ. ಒಂದು ಕಾಲದಲ್ಲಿ ನಿಜವಾಗಿಯೂ ಅರ್ಜಿ ಹಾಕಬೇಕಿತ್ತು.

1990ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್ಟೇಜ್ ಎಂಬ ವಿದ್ಯಾರ್ಥಿ ಆರ್ಚಿ ಎಂಬುದನ್ನು ಕಟ್ಟಿದ. ವೆಬ್ ಇನ್ನೂ ಬಳಕೆಗೆ ಬಂದಿರದ ದಿನಗಳವು. ಬೇರೆ ಬೇರೆ ಕಂಪ್ಯೂಟರುಗಳಲ್ಲಿರುವ ಕಡತಗಳ ಹೆಸರನ್ನಷ್ಟೇ ಅದು ಪಟ್ಟಿ ಮಾಡುತ್ತಿತ್ತು. 1993ರಲ್ಲಿ ಮಾರ್ಟೈನ್ ಕೋಸ್ಟರ್ ಅವರ ಅಲಿವೆಬ್ ಬಂತು. ಅದಕ್ಕೆ ಸೈಟಿನ ಒಡೆಯರೇ ತಮ್ಮಲ್ಲಿ ಏನೇನಿದೆ ಎಂದು ಬರೆದು ತಿಳಿಸಬೇಕಿತ್ತು. ತಿಳಿಸಿದವರದು ಮಾತ್ರ ಅಲ್ಲಿ ಸಿಗುತ್ತಿತ್ತು. 1994ರಲ್ಲಿ ಸ್ಟ್ಯಾನ್‌ಫರ್ಡ್‌ನ ಇಬ್ಬರು ವಿದ್ಯಾರ್ಥಿಗಳು, ಜೆರ್ರಿ ಯಾಂಗ್ ಮತ್ತು ಡೇವಿಡ್ ಫಿಲೋ, ತಮಗೆ ಇಷ್ಟವಾದ ತಾಣಗಳನ್ನು ವಿಷಯವಾರು ವಿಂಗಡಿಸಿ ಇಡತೊಡಗಿದರು. ಅದೇ ಯಾಹೂ ಆಯಿತು. ಅಲ್ಲಿ ಸೇರಬೇಕಾದರೆ ಸೂಕ್ತ ವಿಭಾಗವನ್ನು ನೀವೇ ಹುಡುಕಿ ಅರ್ಜಿ ತುಂಬಬೇಕು. ಮನುಷ್ಯರೊಬ್ಬರು ಅದನ್ನು ನೋಡಿ ಒಪ್ಪಬೇಕು ಇಲ್ಲವೇ ತಳ್ಳಿಹಾಕಬೇಕು. ಮುಂದೆ ವ್ಯಾಪಾರಿ ತಾಣಗಳಿಗೆ ವರ್ಷಕ್ಕೆ 299 ಡಾಲರ್ ಶುಲ್ಕವೂ ಬಂತು. 1998ರಲ್ಲಿ ಶುರುವಾದ ಡಿಮೋಜ್ ಎಂಬ ಇಂಥದೇ ಪಟ್ಟಿ ಮಾತ್ರ ಉಚಿತವಾಗಿತ್ತು. ಜಗತ್ತಿನ ಉದ್ದಗಲಕ್ಕೂ ಇದ್ದ ಸ್ವಯಂಸೇವಕ ಸಂಪಾದಕರು ಅದನ್ನು ನಡೆಸುತ್ತಿದ್ದರು. ಗೂಗಲ್ ಕೂಡ ಕೆಲವು ವರ್ಷ ಅದರ ಪಟ್ಟಿಯನ್ನು ಎರವಲು ಪಡೆದು ತನ್ನದೊಂದು ಡೈರೆಕ್ಟರಿಯನ್ನು ಇಟ್ಟುಕೊಂಡಿತ್ತು.

ಆ ಡೈರೆಕ್ಟರಿಗಳ ಕಾಲ ಮುಗಿದಿದೆ. ಯಾಹೂ ತನ್ನ ಪಟ್ಟಿಯನ್ನು 2014ರ ಡಿಸೆಂಬರ್‌ನಲ್ಲಿ ಮುಚ್ಚಿತು, ಡಿಮೋಜ್ 2017ರ ಮಾರ್ಚ್‌ನಲ್ಲಿ ಬಾಗಿಲು ಹಾಕಿತು. ಯಾರು ಬೇಕಾದರೂ ಒಂದು ವಿಳಾಸವನ್ನು ಬರೆದು ಕಳಿಸಬಹುದಾಗಿದ್ದ ಗೂಗಲ್‌ನ ಸಾರ್ವಜನಿಕ ಅರ್ಜಿ ಪುಟವೂ 2018ರಲ್ಲಿ ನಿಂತುಹೋಯಿತು. ಅರ್ಜಿಯ ಕಾಲ ಹೋದರೂ ಅರ್ಜಿ ಬರೆದುಕೊಡುವವರ ವ್ಯಾಪಾರ ಮಾತ್ರ ನಿಂತಿಲ್ಲ. ‘ನೂರಾರು ಸರ್ಚ್ ಎಂಜಿನ್’ ಎಂದು ಅವರು ಹೇಳುವಾಗ ಆ ನೂರರ ಹೆಸರು ಕೇಳಿ ನೋಡಿ. ಭಾರತದಲ್ಲಿ ಕೂತು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಹುಡುಕುವವರಿಗೆ ಸ್ವಂತ ಪದಸೂಚಿ ಇರುವ ದೊಡ್ಡ ಎಂಜಿನ್‌ಗಳು ಒಂದು ಕೈಯ ಬೆರಳೆಣಿಕೆಗೆ ಮುಗಿಯುತ್ತವೆ.

ಈಗ ನಡೆಯುವುದು ಬೇರೆ ರೀತಿ. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಸಾಗರ, ಸಿದ್ದಾಪುರದ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಹಾಕಿ ಮಾರುವ ಹೆಂಗಸರ ಸಂಘವೊಂದು ತನ್ನದೇ ವೆಬ್‌ಸೈಟ್ ಮಾಡಿಸಿತು ಎಂದುಕೊಳ್ಳಿ. ಮುಖಪುಟ, ಮಿಡಿಯ ಬಗೆಗಳು, ಬೆಲೆ, ಸಂಪರ್ಕ, ಹೀಗೆ ಹತ್ತು ಹದಿನೈದು ಪುಟ. ಅದು ಜನರ ಕಣ್ಣಿಗೆ ಬೀಳುವುದು ಹೇಗೆ?

ಗೂಗಲ್‌ಬಾಟ್ ಎಂಬ ತಂತ್ರಾಂಶವೊಂದು ಹಗಲೂ ರಾತ್ರಿ ವೆಬ್ಬಿನ ಪುಟಗಳನ್ನು ತೆರೆದು ಓದುತ್ತಿರುತ್ತದೆ. ಒಂದು ಪುಟದಲ್ಲಿ ಬೇರೆ ಪುಟಕ್ಕೆ ಲಿಂಕ್ ಇದ್ದರೆ ಅದನ್ನು ಹಿಡಿದು ಅಲ್ಲಿಗೆ ಹೋಗುತ್ತದೆ. ಓದಿದ್ದನ್ನು ತಂದು ದೊಡ್ಡ ಗ್ರಂಥದ ಕೊನೆಯಲ್ಲಿರುವ ಪದಸೂಚಿಯ ಹಾಗೆ ಜೋಡಿಸುತ್ತಾರೆ: ಈ ಪದ ಇಂಥಿಂಥ ಪುಟಗಳಲ್ಲಿದೆ ಎಂದು. ನೀವು ಹುಡುಕಿದಾಗ ಗೂಗಲ್ ಹೊಕ್ಕು ನೋಡುವುದು ಈ ಸೂಚಿಯನ್ನು. ಆ ಕ್ಷಣದಲ್ಲಿ ಅದು ಇಡೀ ವೆಬ್ಬನ್ನು ಜಾಲಾಡುವುದಿಲ್ಲ. ಹಾಗಾಗಿ ಸಂಘದ ಪುಟ ಸಿಗಬೇಕಾದರೆ ಮೂರು ಸಂಗತಿ ಆಗಬೇಕು. ಬಾಟ್‌ಗೆ ಪುಟದ ಸುಳಿವು ಸಿಗಬೇಕು, ಓದಲು ಸಾಧ್ಯವಾಗಬೇಕು, ಓದಿದ್ದು ಸೂಚಿಗೆ ಸೇರಿಸಲು ತಕ್ಕದ್ದು ಅನ್ನಿಸಬೇಕು. ಮೇಲಿನ ಸ್ಥಾನದಲ್ಲಿ ಬರುವುದು ಅದರ ನಂತರದ ಮಾತು. ‘ಗೂಗಲ್‌ನಲ್ಲಿ ಬರುತ್ತಿಲ್ಲ’ ಎಂದು ದೂರುವವರು ಈ ನಾಲ್ಕರಲ್ಲಿ ಯಾವುದು ಆಗಿಲ್ಲ ಎಂದು ಮೊದಲು ತಿಳಿದುಕೊಳ್ಳಬೇಕು. ಸುಲಭದ ಪರೀಕ್ಷೆ ಒಂದಿದೆ. ಹುಡುಕುವ ಜಾಗದಲ್ಲಿ ‘ಸೈಟ್’ ಎಂಬ ಪದವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಕೋಲನ್ ಹಾಕಿ, ಖಾಲಿ ಬಿಡದೆ ನಿಮ್ಮ ವಿಳಾಸ ಬರೆಯಿರಿ. ಸೂಚಿಯಲ್ಲಿರುವ ನಿಮ್ಮ ಪುಟಗಳು ಬರುತ್ತವೆ. ಪಟ್ಟಿ ಪೂರ್ಣವಾಗಿ ಇರಲೇಬೇಕೆಂದಿಲ್ಲ, ಆದರೆ ಸೇರಿದೆಯೋ ಇಲ್ಲವೋ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಸುಳಿವು ಕೊಡುವುದಕ್ಕೆ ಎರಡು ದಾರಿ. ಒಂದು, ಈಗಾಗಲೇ ಸೂಚಿಯಲ್ಲಿರುವ ಯಾವುದಾದರೂ ತಾಣದಿಂದ ಲಿಂಕ್. ಸಂಘದ ಬಗ್ಗೆ ಜಿಲ್ಲಾ ಪತ್ರಿಕೆಯೊಂದು ಬರೆದು ಅದರ ವಿಳಾಸ ಕೊಟ್ಟರೆ, ಸಾವಯವ ಬೆಳೆಗಾರರ ಒಕ್ಕೂಟದ ತಾಣದಲ್ಲಿ ಹೆಸರಿದ್ದರೆ ಬಾಟ್ ಆ ದಾರಿಯಲ್ಲೇ ಬರುತ್ತದೆ. ಇಂಥ ಲಿಂಕ್ ದುಡ್ಡು ಕೊಟ್ಟು ಕೊಳ್ಳುವಂಥದ್ದಲ್ಲ. ಲಿಂಕ್ ಮಾರಾಟ ಗೂಗಲ್‌ನ ನಿಯಮಕ್ಕೆ ವಿರುದ್ಧ, ಸಿಕ್ಕಿಬಿದ್ದರೆ ತಾಣ ಕೆಳಕ್ಕೆ ಜಾರುತ್ತದೆ. ಕೆಲವರು ಕನ್ನಡ ವಿಕಿಪೀಡಿಯಕ್ಕೆ ಹೋಗಿ ಸಂಬಂಧವಿಲ್ಲದ ಲೇಖನಗಳ ಕೆಳಗೆ ತಮ್ಮ ತಾಣದ ವಿಳಾಸ ಅಂಟಿಸಿ ಬರುತ್ತಾರೆ. ದಯವಿಟ್ಟು ಮಾಡಬೇಡಿ. ವಿಕಿಪೀಡಿಯದ ಹೊರಲಿಂಕುಗಳಿಗೆ ‘ನೋಫಾಲೋ’ ಎಂಬ ಗುರುತು ತಾನಾಗಿಯೇ ಬೀಳುತ್ತದೆ, ನಿಮ್ಮ ತಾಣದ ಸ್ಥಾನ ಅದರಿಂದ ಏರುವುದಿಲ್ಲ; ಸಂಬಳವಿಲ್ಲದೆ ದುಡಿಯುವ ಸಂಪಾದಕರಿಗೆ ಅಳಿಸುವ ಕೆಲಸ ಹೆಚ್ಚುತ್ತದೆ, ಅಷ್ಟೇ.

ಎರಡನೆಯ ದಾರಿ ಸೈಟ್‌ಮ್ಯಾಪ್. ನಿಮ್ಮ ಎಲ್ಲ ಪುಟಗಳ ವಿಳಾಸವನ್ನು ಒಂದೇ ಕಡತದಲ್ಲಿ ಬರೆದಿಡುವ ಕ್ರಮ ಇದು. ಗೂಗಲ್ ಇದನ್ನು 2005ರಲ್ಲಿ ತಂದಿತು, ಮರುವರ್ಷ ಯಾಹೂ ಮತ್ತು ಮೈಕ್ರೋಸಾಫ್ಟ್ ಕೂಡ ಒಪ್ಪಿಕೊಂಡವು. ಒಂದು ಕಡತದಲ್ಲಿ 50,000 ವಿಳಾಸಗಳವರೆಗೆ ಇರಬಹುದು. ವರ್ಡ್‌ಪ್ರೆಸ್‌ನಲ್ಲಿ ಕಟ್ಟಿದ ತಾಣಕ್ಕೆ ಅದು ತಾನಾಗಿಯೇ ತಯಾರಾಗುತ್ತದೆ. ಈ ಕಡತದ ವಿಳಾಸವನ್ನು ಗೂಗಲ್ ಸರ್ಚ್ ಕನ್ಸೋಲ್ ಎಂಬಲ್ಲಿ ಕೊಡಬೇಕು. ಅಲ್ಲಿಗೆ ನಿಮ್ಮ ಜಿಮೇಲ್ ಖಾತೆಯಿಂದಲೇ ಹೋಗಬಹುದು. ತಾಣ ನಿಮ್ಮದೇ ಎಂದು ಸಾಬೀತುಪಡಿಸಲು ಅವರು ಕೊಟ್ಟ ಸಣ್ಣ ಕಡತವನ್ನು ನಿಮ್ಮ ಸರ್ವರಿನಲ್ಲಿ ಇಡಬೇಕು, ಇಲ್ಲವೇ ಡೊಮೇನ್ ಕೊಂಡ ಕಡೆ ಅವರು ಕೊಟ್ಟ ಸಾಲೊಂದನ್ನು ಸೇರಿಸಬೇಕು. ಆಮೇಲೆ ಯಾವ ಪುಟ ಸೂಚಿಗೆ ಸೇರಿದೆ, ಯಾವುದು ಸೇರಿಲ್ಲ, ಏಕೆ ಸೇರಿಲ್ಲ ಎಂಬುದೆಲ್ಲ ಅಲ್ಲೇ ಕಾಣುತ್ತದೆ. ಮುಖ್ಯವಾದ ಪುಟವೊಂದನ್ನು ಬೇಗ ನೋಡಿ ಎಂದು ಕೋರುವ ಗುಂಡಿಯೂ ಇದೆ. ಕೋರಿದ ಮೇಲೂ ಕೆಲವು ದಿನದಿಂದ ಕೆಲವು ವಾರ ಹಿಡಿಯಬಹುದು. ಮತ್ತೆ ಮತ್ತೆ ಒತ್ತಿದರೆ ಬೇಗ ಆಗುವುದಿಲ್ಲ.

ಇದೇ ರೀತಿ ಮೈಕ್ರೋಸಾಫ್ಟ್‌ನ ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಇದೆ. ‘ಬಿಂಗ್ ಯಾರು ಬಳಸುತ್ತಾರೆ’ ಎಂದು ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ಬಿಡಬಾರದು. ಯಾಹೂದಲ್ಲಿ ಹುಡುಕಿದಾಗ ಬರುವುದು ಬಿಂಗ್‌ನ ಉತ್ತರ. ತಮ್ಮ ಹುಡುಕಾಟದ ಜಾಡು ಯಾರಿಗೂ ಸಿಗಬಾರದು ಎನ್ನುವವರು ಬಳಸುವ ಡಕ್‌ಡಕ್‌ಗೋ ಕೂಡ ಬಹುಪಾಲು ಬಿಂಗ್ ಸೂಚಿಯನ್ನೇ ನೆಚ್ಚಿದೆ. ಯುರೋಪಿನ ಇಕೋಸಿಯಾ ಬೆಳೆದದ್ದೂ ಅದನ್ನು ನಂಬಿಕೊಂಡೇ. ಒಂದು ಕಡೆ ಸೇರಿದರೆ ಮೂರ್ನಾಲ್ಕು ಕಡೆ ಕಾಣಿಸಿಕೊಂಡಂತೆ. ಅದರಲ್ಲೂ ಸರ್ಚ್ ಕನ್ಸೋಲ್‌ನಲ್ಲಿ ಆಗಲೇ ನೋಂದಾಯಿಸಿದ್ದರೆ ಆ ವಿವರಗಳನ್ನೇ ಬಿಂಗ್‌ಗೆ ಎಳೆದುಕೊಳ್ಳಬಹುದು, ಮತ್ತೆ ಮೊದಲಿಂದ ಮಾಡಬೇಕಿಲ್ಲ.

ಬಿಂಗ್ ಮತ್ತು ರಷ್ಯಾದ ಯಾಂಡೆಕ್ಸ್ ಸೇರಿ 2021ರಲ್ಲಿ ಇಂಡೆಕ್ಸ್‌ನೌ ಎಂಬ ಏರ್ಪಾಡನ್ನು ತಂದವು. ಬಾಟ್ ಯಾವಾಗ ಬರುತ್ತದೋ ಎಂದು ಕಾಯುವ ಬದಲು, ಪುಟ ಬದಲಾದ ಕೂಡಲೇ ನಿಮ್ಮ ತಾಣವೇ ಸುದ್ದಿ ಮುಟ್ಟಿಸುತ್ತದೆ. ಕೊರಿಯಾದ ನೇವರ್, ಚೆಕ್ ದೇಶದ ಸೆಜ್ನಾಮ್ ಕೂಡ ಅದನ್ನು ಒಪ್ಪಿಕೊಂಡಿವೆ. ಗೂಗಲ್ ಒಪ್ಪಿಲ್ಲ. ಗೂಗಲ್‌ಗೂ ಅಂಥದ್ದೊಂದು ದಾರಿ ಇದೆಯಾದರೂ ಅದು ಕೆಲಸ ಖಾಲಿ ಇದೆ ಎಂಬ ಪ್ರಕಟಣೆಗಳಿಗೆ ಮತ್ತು ನೇರಪ್ರಸಾರದ ಪುಟಗಳಿಗೆ ಮೀಸಲು. ‘ಗೂಗಲ್‌ನಲ್ಲಿ ತಕ್ಷಣ ಸೇರಿಸುತ್ತೇವೆ’ ಎನ್ನುವವರು ಹಲವು ಸಲ ಈ ದಾರಿಯನ್ನೇ ನಿಯಮ ಮೀರಿ ಬಳಸುತ್ತಾರೆ.

ಇನ್ನು ಓದಲು ಸಾಧ್ಯವಾಗಬೇಕು ಎಂಬ ಮಾತು. ಅಲಿವೆಬ್ ಕಟ್ಟಿದ ಕೋಸ್ಟರ್ ಅವರೇ 1994ರಲ್ಲಿ ಒಂದು ಸರಳ ಒಪ್ಪಂದ ಸೂಚಿಸಿದರು. ತಾಣದ ಮೂಲದಲ್ಲಿ ‘ರೋಬೋಟ್ಸ್’ ಎಂಬ ಹೆಸರಿನ ಪಠ್ಯ ಕಡತವೊಂದನ್ನು ಇಟ್ಟು, ಯಾವ ಬಾಟ್ ಎಲ್ಲಿಗೆ ಬರಬಹುದು, ಎಲ್ಲಿಗೆ ಬರಬಾರದು ಎಂದು ಬರೆಯುವುದು. ಈಗಲೂ ಎಲ್ಲ ದೊಡ್ಡ ಎಂಜಿನ್‌ಗಳು ಅದನ್ನು ಪಾಲಿಸುತ್ತವೆ. ತಾಣ ತಯಾರಾಗುತ್ತಿರುವಾಗ ಯಾರೂ ನೋಡಬಾರದೆಂದು ಅದರಲ್ಲಿ ಎಲ್ಲ ಬಾಟ್‌ಗಳನ್ನೂ ತಡೆದು, ಕೆಲಸ ಮುಗಿದ ಮೇಲೆ ತೆಗೆಯಲು ಮರೆಯುವುದುಂಟು. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ‘ರೀಡಿಂಗ್’ ಎಂಬ ವಿಭಾಗವಿದೆ. ಸರ್ಚ್ ಎಂಜಿನ್‌ಗಳು ಬಾರದಂತೆ ಕೋರುವ ಒಂದು ಚೌಕ ಅಲ್ಲಿದೆ. ಅದಕ್ಕೆ ಟಿಕ್ ಬಿದ್ದಿದ್ದರೆ ಪ್ರತಿ ಪುಟದ ತಲೆಯಲ್ಲೂ ‘ನೋಇಂಡೆಕ್ಸ್’ ಎಂದು ಬರೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಕಾದರೂ ಒಂದು ಪುಟವೂ ಗೂಗಲ್‌ನಲ್ಲಿ ಬಾರದಿದ್ದರೆ ಮೊದಲು ನೋಡಬೇಕಾದದ್ದು ಆ ಚೌಕವನ್ನು. ಹಣ ಕಟ್ಟುವ ಮುಂಚೆ ನೋಡಿ.

ಮೊಬೈಲಿನಲ್ಲಿ ಪುಟ ಹೇಗೆ ಕಾಣುತ್ತದೆ ಎಂಬುದೂ ಮುಖ್ಯ. ಗೂಗಲ್ ಈಗ ಪುಟಗಳನ್ನು ಓದುವುದು ಮೊಬೈಲ್ ರೂಪದಲ್ಲೇ. ದೊಡ್ಡ ಪರದೆಯಲ್ಲಿ ಮಾತ್ರ ಕಾಣಿಸಿ ಮೊಬೈಲ್‌ನಲ್ಲಿ ಮಾಯವಾಗುವ ಬರಹ ಸೂಚಿಗೆ ಹೋಗುವುದಿಲ್ಲ. ಇನ್ನು ಪುಟದ ತಲೆಯಲ್ಲಿ ಅಡಗಿಸಿಟ್ಟು ತುಂಬುವ ‘ಕೀವರ್ಡ್ಸ್’ ಸಾಲು ಇದೆಯಲ್ಲ, ಅದನ್ನು ತಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂದು ಗೂಗಲ್ 2009ರಲ್ಲೇ ಹೇಳಿದೆ. ಆ ಸಾಲು ಬರೆದುಕೊಡಲು ಈಗಲೂ ಬಿಲ್ ಹಾಕುವವರಿದ್ದಾರೆ.

ಇಲ್ಲಿವರೆಗೆ ಹೇಳಿದ್ದು ಯಾವ ಭಾಷೆಯ ತಾಣಕ್ಕಾದರೂ ಸಲ್ಲುತ್ತದೆ. ಕನ್ನಡದ ತಾಣಕ್ಕೆ ಇದಕ್ಕಿಂತ ಮೊದಲಿನ ಪ್ರಶ್ನೆಯೊಂದಿದೆ: ಪುಟದಲ್ಲಿ ಕಾಣುವುದು ಕನ್ನಡವೇ?

ಪ್ರಶ್ನೆ ವಿಚಿತ್ರವಾಗಿ ಕಾಣಬಹುದು. ಆದರೆ ಕನ್ನಡದ ಡಿಟಿಪಿ ಜಗತ್ತು ದಶಕಗಟ್ಟಲೆ ನಡೆದಿರುವುದು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿ ಅವುಗಳನ್ನು ಮಾಡಿದ್ದರು. ನುಡಿಯ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಟೈಪ್ ಮಾಡಿ ಉಳಿಸಿದ ಕಡತದ ಒಳಗೆ ಇರುವುದು ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಕೊನೆಗೆ ಇನ್ನೊಂದು ಎ. ಫಾಂಟು ಇರುವ ಕಂಪ್ಯೂಟರಿನಲ್ಲಿ ಅದು ಚೆಂದದ ಕನ್ನಡವಾಗಿ ಕಾಣುತ್ತದೆ. ಬಾಟ್ ನೋಡುವುದು ಚಿತ್ರವನ್ನಲ್ಲ, ಒಳಗಿನ ಸಂಕೇತವನ್ನು. ಅದಕ್ಕೆ ಆ ಪುಟ ಅರ್ಥವಿಲ್ಲದ ಅಕ್ಷರಗಳ ಗುಡ್ಡೆ. ‘ಅಪ್ಪೆಮಿಡಿ’ ಎಂದು ಹುಡುಕಿದವರಿಗೆ ಅದು ಸಿಗುವುದೇ ಇಲ್ಲ.

1991ರಲ್ಲಿ ಬಂದ ಯುನಿಕೋಡ್‌ನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಅದರದೇ ಜಾಗ ಸಿಕ್ಕಿತ್ತು. ವಿಂಡೋಸ್ ಎಕ್ಸ್‌ಪಿಯ ಜೊತೆ ತುಂಗಾ ಎಂಬ ಯುನಿಕೋಡ್ ಫಾಂಟೂ ಬಂತು. ಆದರೂ ಈ ಶತಮಾನದ ಮೊದಲ ವರ್ಷಗಳಲ್ಲಿ ಕನ್ನಡದ ಪತ್ರಿಕಾ ತಾಣಗಳು ಡೈನಮಿಕ್ ಫಾಂಟ್ ಎಂಬ ಏರ್ಪಾಡಿನಲ್ಲಿ ಹಳೆಯ ಸಂಕೇತವನ್ನೇ ತೋರಿಸುತ್ತಿದ್ದವು. ಓದಲು ಬರುತ್ತಿತ್ತು, ಹುಡುಕಲು ಬರುತ್ತಿರಲಿಲ್ಲ. ಆ ವರ್ಷಗಳಲ್ಲಿ ಜಾಲದಲ್ಲಿ ಬಂದ ಎಷ್ಟೋ ವರದಿ, ಅಂಕಣ, ಕಥೆ ಯಾವ ಹುಡುಕಾಟಕ್ಕೂ ಸಿಗದಂತೆ ಹೋದವು. ನನಗೆ ಇದು ಸಣ್ಣ ನಷ್ಟ ಅನ್ನಿಸುವುದಿಲ್ಲ. ಒಂದು ಭಾಷೆ ಜಾಲಕ್ಕೆ ಕಾಲಿಟ್ಟ ಮೊದಲ ಹೊತ್ತಿನ ಬರಹಗಳೇ ಅದರ ನೆನಪಿನಿಂದ ಜಾರಿಹೋದವು.

ಈಗ ಪತ್ರಿಕೆಗಳು ಯುನಿಕೋಡ್‌ಗೆ ಬಂದಿವೆ. ಆದರೆ ಅದೇ ತೊಂದರೆ ಪಿಡಿಎಫ್ ರೂಪದಲ್ಲಿ ಉಳಿದುಕೊಂಡಿದೆ. ಪೇಜ್‌ಮೇಕರ್‌ನಲ್ಲಿ ಹಳೆಯ ಫಾಂಟಿನಲ್ಲಿ ಪುಟ ಕಟ್ಟಿ, ಅದನ್ನು ಪಿಡಿಎಫ್ ಮಾಡಿ ತಾಣದಲ್ಲಿ ಏರಿಸಿದರೆ ಒಳಗಿನ ಸಂಕೇತ ಬದಲಾಗುವುದಿಲ್ಲ. ಸ್ಕ್ಯಾನ್ ಮಾಡಿ ಏರಿಸಿದ್ದಾದರೆ ಅದು ಬರೀ ಚಿತ್ರ. ಪರೀಕ್ಷೆ ಮಾಡುವುದು ಬಹಳ ಸುಲಭ: ಪಿಡಿಎಫ್‌ನಿಂದ ಒಂದು ಸಾಲನ್ನು ನಕಲು ಮಾಡಿ ವಾಟ್ಸ್‌ಆ್ಯಪ್‌ಗೆ ಅಂಟಿಸಿ. ಕನ್ನಡ ಬಂದರೆ ಸರಿ. ಚಿತ್ರವಿಚಿತ್ರ ಅಕ್ಷರ ಬಂದರೆ, ಇಲ್ಲವೇ ನಕಲು ಮಾಡಲು ಆಗದೇ ಹೋದರೆ, ಸರ್ಚ್ ಎಂಜಿನ್ ಅದನ್ನು ಓದಿಕೊಳ್ಳುತ್ತದೆ ಎಂದು ನಂಬಿ ಕೂರಬೇಡಿ. ನೋಟಿಸು, ಸುತ್ತೋಲೆ, ಗ್ರಾಮ ಪಂಚಾಯಿತಿಯ ಪಟ್ಟಿ, ಕಾಲೇಜಿನ ಸಂಶೋಧನಾ ಪತ್ರಿಕೆ, ಹೀಗೆ ಜನರಿಗೆ ಬೇಕಾದ ಎಷ್ಟೋ ಕನ್ನಡ ಈ ಸ್ಥಿತಿಯಲ್ಲಿ ಇದೆ.

ಯುನಿಕೋಡ್‌ನಲ್ಲಿ ಬರೆದ ಮೇಲೂ ಕೆಲವು ಎಚ್ಚರ ಬೇಕು. ಕನ್ನಡದ ಅನುಸ್ವಾರವೂ ಕನ್ನಡದ ಸೊನ್ನೆ ಅಂಕಿಯೂ ನೋಡಲು ಒಂದೇ ಥರ. ಅನುಸ್ವಾರದ ಜಾಗದಲ್ಲಿ ಅಂಕಿ ಹಾಕಿ ‘ಬೆ೦ಗಳೂರು’ ಎಂದು ಬರೆದ ಪುಟಗಳು ಜಾಲದಲ್ಲಿ ಧಾರಾಳವಾಗಿವೆ. ‘ಬೆಂಗಳೂರು’ ಮತ್ತು ‘ಬೆ೦ಗಳೂರು’ ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ‘ಸೂರ್ಯ’ ಎಂಬುದನ್ನು ರಕಾರ ಪೂರ್ಣ ಅಕ್ಷರವಾಗಿಯೇ ಉಳಿಯುವಂತೆ ‘ಸೂರ‍್ಯ’ ಎಂದು ಬರೆದರೆ ನಡುವೆ ಕಾಣದ ಒಂದು ಸಂಕೇತ ಸೇರಿಕೊಳ್ಳುತ್ತದೆ. ಅದೂ ಬೇರೆ ಪದವೇ. ಮುಖ್ಯ ಪದಗಳನ್ನು, ಊರಿನ ಹೆಸರನ್ನು, ಶೀರ್ಷಿಕೆಯನ್ನು ಹೆಚ್ಚು ಜನ ಬರೆಯುವ ರೀತಿಯಲ್ಲೇ ಬರೆಯಿರಿ.

ಜನ ಹುಡುಕುವ ರೀತಿಯನ್ನೂ ಗಮನಿಸಬೇಕು. ‘ಅಪ್ಪೆಮಿಡಿ ಉಪ್ಪಿನಕಾಯಿ’ ಎಂದು ಕನ್ನಡದಲ್ಲಿ ಟೈಪ್ ಮಾಡುವವರಿದ್ದಾರೆ, ಅದನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರಿದ್ದಾರೆ, ಫೋನಿಗೆ ಬಾಯಲ್ಲೇ ಹೇಳುವವರೂ ಇದ್ದಾರೆ. ‘ಮಾವಿನ ಮಿಡಿ’ ಎನ್ನುವವರು ಬೇರೆ. ಹಾಗೆಂದು ಎಲ್ಲವನ್ನೂ ಒಂದೇ ಪುಟದಲ್ಲಿ ಕಲಸಬಾರದು. ಪುಟ ಯಾವ ಭಾಷೆಯದು ಎಂಬುದನ್ನು ಗೂಗಲ್ ಅಲ್ಲಿ ಕಾಣುವ ಬರಹದಿಂದಲೇ ತೀರ್ಮಾನಿಸುತ್ತದೆ. ಒಂದು ಸಾಲು ಕನ್ನಡ, ಅದರ ಕೆಳಗೆ ಅದೇ ಇಂಗ್ಲಿಷ್ ಎಂದು ಜೋಡಿಸಿದ ಪುಟ ಎರಡಕ್ಕೂ ಸಲ್ಲದೆ ಹೋಗಬಹುದು. ಕನ್ನಡಕ್ಕೊಂದು ಪುಟ, ಇಂಗ್ಲಿಷಿಗೊಂದು ಪುಟ ಮಾಡಿ, ಇವೆರಡೂ ಜೋಡಿ ಎಂದು ತಿಳಿಸುವ ಗುರುತನ್ನು ಒಳಗೆ ಹಾಕುವುದು ಮೇಲು. ಕನ್ನಡ ಪುಟದಲ್ಲಿ ಮೂಲದ ಹೆಸರೊಂದನ್ನು ಇಂಗ್ಲಿಷ್ ಅಕ್ಷರದಲ್ಲಿ ಒಮ್ಮೆ ಕೊಟ್ಟರೆ ತೊಂದರೆಯಿಲ್ಲ.

ಪುಟದ ವಿಳಾಸ ಕನ್ನಡದಲ್ಲಿರಬಹುದೇ ಎಂದು ಕೇಳುವವರಿದ್ದಾರೆ. ಇರಬಹುದು, ಸರ್ಚ್ ಎಂಜಿನ್‌ಗಳಿಗೆ ಅದರಿಂದ ಅಡ್ಡಿಯಿಲ್ಲ. ಡಾಟ್ ಭಾರತ ಎಂದು ಕನ್ನಡದಲ್ಲೇ ಕೊನೆಯಾಗುವ ಡೊಮೇನೂ ಸಿಗುತ್ತದೆ. ಒಂದೇ ಕಿರಿಕಿರಿ: ವಿಳಾಸವನ್ನು ನಕಲು ಮಾಡಿ ಕಳಿಸುವಾಗ ಕನ್ನಡದ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ‘ಅಡಿಕೆ’ ಎಂಬ ಪುಟ್ಟ ಪದ, ಸ್ವರಚಿಹ್ನೆಗಳೂ ಸೇರಿ ಐದು ಸಂಕೇತ, 45 ಚಿಹ್ನೆಗಳ ಸಾಲಾಗುತ್ತದೆ. ಮುದ್ರಣದಲ್ಲಿ ಕೊಡಬೇಕಾದ ವಿಳಾಸವಾದರೆ ಇದನ್ನು ಯೋಚಿಸಿ.

ಗೂಗಲ್, ಬಿಂಗ್ ಆದ ಮೇಲೆ ಬೇರೆ ಬಗೆಯವು. ಉಪ್ಪಿನಕಾಯಿ ಸಂಘಕ್ಕೆ ನಿಜವಾಗಿ ಗಿರಾಕಿ ತರುವುದು ಮ್ಯಾಪ್ ಇರಬಹುದು. ಸಾಗರಕ್ಕೆ ಬಂದ ಪ್ರವಾಸಿ ‘ಹತ್ತಿರದ ಉಪ್ಪಿನಕಾಯಿ ಅಂಗಡಿ’ ಎಂದು ಹುಡುಕಿದಾಗ ಬರುವ ಪಟ್ಟಿ ವೆಬ್‌ಸೈಟಿನಿಂದ ಬರುವುದಲ್ಲ, ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬುದರಿಂದ. ಅದೂ ಉಚಿತ. ಅಂಗಡಿಯ ಹೆಸರು, ಜಾಗ, ತೆರೆದಿರುವ ಸಮಯ, ಫೋನ್ ಸಂಖ್ಯೆ ಕೊಟ್ಟರೆ ಫೋನ್, ಅಂಚೆ ಅಥವಾ ವಿಡಿಯೊ ಮೂಲಕ ಖಚಿತಪಡಿಸಿಕೊಳ್ಳುತ್ತಾರೆ. ಬಿಂಗ್‌ಗೆ, ಆ್ಯಪಲ್ ಮ್ಯಾಪ್‌ಗೆ ಇಂಥದೇ ಏರ್ಪಾಡು ಪ್ರತ್ಯೇಕವಾಗಿದೆ. ಜಸ್ಟ್‌ಡಯಲ್, ಇಂಡಿಯಾಮಾರ್ಟ್‌ನಂಥವು ಹಳೆಯ ಡೈರೆಕ್ಟರಿಗಳ ವಂಶದವು. ಎರಡೂ 1996ರಿಂದ ಇವೆ. ಅಲ್ಲಿ ಹೆಸರು ಸೇರಿಸಲು ಹಣ ಕೊಡಲೇಬೇಕೆಂದಿಲ್ಲ, ಮುಂದೆ ಕಾಣಬೇಕಾದರೆ ಕೊಡಬೇಕು. ಎಲ್ಲ ಕಡೆಯೂ ಹೆಸರು, ವಿಳಾಸ, ಫೋನ್ ಒಂದೇ ರೀತಿ ಇರಲಿ.

ಮಿಡಿ ಹಾಕುವ ವಿಧಾನವನ್ನು ವಿಡಿಯೊ ಮಾಡಿದರೆ ಅದನ್ನು ಹುಡುಕುವವರು ಯೂಟ್ಯೂಬ್‌ನಲ್ಲಿದ್ದಾರೆ. ಶೀರ್ಷಿಕೆ, ವಿವರಣೆಯನ್ನು ಕನ್ನಡದಲ್ಲಿ ಬರೆಯಲು ಸಂಕೋಚ ಬೇಡ. ಚಿತ್ರಗಳಿಗೆ ಆಲ್ಟ್ ಎಂಬ ವಿವರಣೆಯ ಸಾಲು ಕೊಟ್ಟರೆ ಚಿತ್ರಗಳ ಹುಡುಕಾಟದಲ್ಲೂ ಬರುತ್ತವೆ, ಕಣ್ಣು ಕಾಣದವರು ಬಳಸುವ ತಂತ್ರಾಂಶಕ್ಕೂ ಅದೇ ಆಧಾರ. ಕನ್ನಡ ಅಧ್ಯಯನದ ನಿಯತಕಾಲಿಕೆಗಳು ಗೂಗಲ್ ಸ್ಕಾಲರ್‌ನಲ್ಲಿ ಬರಬೇಕಾದರೆ ಒಂದೊಂದು ಪ್ರಬಂಧವೂ ಬೇರೆ ಬೇರೆ ಕಡತವಾಗಿ, ಹುಡುಕಲು ಬರುವ ಪಠ್ಯವಾಗಿ ಇರಬೇಕು. ಇಡೀ ಸಂಚಿಕೆಯನ್ನು ಒಂದೇ ಪಿಡಿಎಫ್ ಮಾಡಿ ಏರಿಸುವ ಅಭ್ಯಾಸವನ್ನು ನಮ್ಮ ವಿದ್ವಾಂಸರು ಬಿಡಬೇಕು.

ಮೆಟಾ ಸರ್ಚ್ ಎಂಜಿನ್‌ಗಳು ಎಂಬ ಬಗೆಯೂ ಇದೆ. 1995ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದಿಂದ ಬಂದ ಮೆಟಾಕ್ರಾಲರ್, ಮರುವರ್ಷದ ಡಾಗ್‌ಪೈಲ್ ಈ ಸಾಲಿನವು. ತಮ್ಮದೇ ಸೂಚಿ ಇಟ್ಟುಕೊಳ್ಳದೆ ಇತರರನ್ನು ಕೇಳಿ ಉತ್ತರ ಒಟ್ಟುಗೂಡಿಸುತ್ತವೆ. ಅವುಗಳಿಗೆ ನೀವು ಏನನ್ನೂ ಕೊಡಬೇಕಿಲ್ಲ.

ಹಣ ಕೊಟ್ಟು ಕಾಣಿಸಿಕೊಳ್ಳುವ ದಾರಿ ಒಂದಿದೆ, ಅದು ಜಾಹೀರಾತು. 1998ರಲ್ಲಿ ಗೋಟು ಎಂಬ ಅಮೆರಿಕದ ಕಂಪನಿ ಪದಗಳನ್ನು ಹರಾಜಿಗೆ ಇಟ್ಟಿತು. ಹೆಚ್ಚು ಕೂಗಿದವರು ಮೇಲೆ. 2000ದಲ್ಲಿ ಗೂಗಲ್ ತನ್ನ ಆಡ್‌ವರ್ಡ್ಸ್ ತಂದಿತು. ಈಗ ಅದರ ಹೆಸರು ಗೂಗಲ್ ಆ್ಯಡ್ಸ್. ಯಾರಾದರೂ ಒತ್ತಿದಾಗ ಮಾತ್ರ ದುಡ್ಡು ಕತ್ತರಿಸುತ್ತಾರೆ, ಹಣ ಮುಗಿದ ದಿನ ಜಾಹೀರಾತೂ ಮಾಯ. ಮಿಡಿಯ ಹಂಗಾಮಿನಲ್ಲಿ ಒಂದೆರಡು ವಾರ ಕೊಡುವುದರಲ್ಲಿ ತಪ್ಪೇನೂ ಇಲ್ಲ. ಆದರೆ ಜಾಹೀರಾತು ಕೊಟ್ಟರೆ ಮಾಮೂಲಿ ಹುಡುಕಾಟದಲ್ಲೂ ಮೇಲೆ ಬರುತ್ತೀರಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡಕ್ಕೂ ಸಂಬಂಧವಿಲ್ಲ.

ಕೊನೆಯದು ಹೊಸದು. ಚಾಟ್‌ಜಿಪಿಟಿ, ಪರ್ಪ್ಲೆಕ್ಸಿಟಿಯಂಥವನ್ನು ಜನ ಹುಡುಕುವುದಕ್ಕೂ ಬಳಸತೊಡಗಿದ್ದಾರೆ. ಗೂಗಲ್ ಕೂಡ 2024ರಿಂದ ಹುಡುಕಾಟದ ತಲೆಯಲ್ಲಿ ತಾನೇ ಬರೆದ ಉತ್ತರ ಕೊಡುತ್ತಿದೆ. ಅದು ಬರುವುದು ಅದೇ ಹಳೆಯ ಸೂಚಿಯಿಂದ. ಬೇರೆ ನೋಂದಣಿ ಇಲ್ಲ. ಓಪನ್‌ಎಐ ಕಂಪನಿಗೆ ಜಿಪಿಟಿಬಾಟ್ ಎಂಬುದೊಂದಿದೆ, ಮಾದರಿಗೆ ಕಲಿಸಲು ಪಠ್ಯ ಒಯ್ಯುವುದು ಅದು. ಹುಡುಕಾಟದ ಉತ್ತರಕ್ಕಾಗಿ ಬರುವುದು ಓಎಐ ಸರ್ಚ್‌ಬಾಟ್. ಮೊದಲನೆಯದನ್ನು ರೋಬೋಟ್ಸ್ ಕಡತದಲ್ಲಿ ತಡೆದು ಎರಡನೆಯದನ್ನು ಬಿಟ್ಟುಕೊಳ್ಳಬಹುದು. ಗೂಗಲ್‌ನಲ್ಲಿ ಗೂಗಲ್ ಎಕ್ಸ್‌ಟೆಂಡೆಡ್ ಎಂಬ ಹೆಸರನ್ನು ತಡೆದರೆ ನಿಮ್ಮ ಪುಟಗಳು ಹುಡುಕಾಟದಿಂದ ಹೋಗುವುದಿಲ್ಲ, ಅದರ ಜೆಮಿನಿ ಮಾದರಿಗೆ ಕಲಿಸಲು ಮಾತ್ರ ಬಳಕೆಯಾಗುವುದಿಲ್ಲ. ಬರಹಗಾರರಿಗೆ, ಪ್ರಕಾಶಕರಿಗೆ ಈ ವ್ಯತ್ಯಾಸ ಗೊತ್ತಿರಬೇಕು. ತಡೆಯಬೇಕೋ ಬಿಡಬೇಕೋ ಎಂಬುದು ಅವರವರ ತೀರ್ಮಾನ. ಸಂಘದ ಉಪ್ಪಿನಕಾಯಿ ತಾಣಕ್ಕಾದರೆ ನಾನು ಎಲ್ಲವನ್ನೂ ಬಿಟ್ಟುಕೊಳ್ಳಿ ಎನ್ನುತ್ತೇನೆ.

ತಾಣ ಮಾಡಿಸುವವರಿಗೆ ಒಂದು ವಿನಂತಿ. ಡೊಮೇನ್ ನಿಮ್ಮ ಹೆಸರಿನಲ್ಲೇ ಇರಲಿ. ಸರ್ಚ್ ಕನ್ಸೋಲ್, ಬಿಂಗ್, ಬಿಸಿನೆಸ್ ಪ್ರೊಫೈಲ್ ಮೂರನ್ನೂ ನಿಮ್ಮದೇ ಇಮೇಲ್‌ನಿಂದ ತೆರೆದು, ತಾಣ ಮಾಡಿಕೊಡುವವರಿಗೆ ಬೇಕಿದ್ದರೆ ಒಳಗೆ ಬರುವ ಅನುಮತಿ ಕೊಡಿ. ಉಲ್ಟಾ ಆದರೆ ಅವರ ಜೊತೆ ವ್ಯವಹಾರ ಮುರಿದ ದಿನ ಎಲ್ಲವೂ ಕೈತಪ್ಪುತ್ತದೆ.

ಹಳೆಯ ಸಂಚಿಕೆ, ಪುಸ್ತಕ, ಸ್ಮರಣ ಸಂಚಿಕೆಗಳ ಕಡತಗಳನ್ನು ನುಡಿ, ಬರಹ, ಶ್ರೀಲಿಪಿ ಫಾಂಟುಗಳಲ್ಲಿ ಇಟ್ಟುಕೊಂಡಿರುವ ಸಂಪಾದಕರಲ್ಲಿ, ಪ್ರಕಾಶಕರಲ್ಲಿ, ಸಂಘಸಂಸ್ಥೆಗಳಲ್ಲಿ ಇನ್ನೊಂದು ವಿನಂತಿ. ಆ ಸಿಡಿಗಳು, ಆ ಕಂಪ್ಯೂಟರುಗಳು ಕೆಡುವ ಮುಂಚೆ ಕಡತಗಳನ್ನು ಯುನಿಕೋಡ್‌ಗೆ ಬದಲಿಸಿಡಿ. ನುಡಿ, ಬರಹದ ಕಡತಗಳಿಗೆ ಪರಿವರ್ತಕ ಉಚಿತವಾಗಿ ಸಿಗುತ್ತದೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳಲ್ಲಿ ತಪ್ಪು ಉಳಿಯುವುದುಂಟು, ಕರಡು ತಿದ್ದಬಲ್ಲ ಒಬ್ಬರು ಕೂತು ನೋಡಬೇಕು. ನಿಮ್ಮಲ್ಲಿರುವ ಅತ್ಯಂತ ಹಳೆಯ ಕಡತದಿಂದ ಶುರುಮಾಡಿ, ಒಂದೊಂದು ಬರಹಕ್ಕೂ ಒಂದೊಂದು ಪುಟ ಕೊಟ್ಟು ಜಾಲಕ್ಕೆ ಏರಿಸಿ.